ಮೊದಲು ಜಾಬ್ ನೋಡಿ, ಮೋಟರ್ ಆಮೇಲೆ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಕೇಳಿದ್ದು ಒಂದೇ ವಿಷಯ. ಸಣ್ಣ ಸಿಎನ್‌ಸಿ ಮಿಲ್ಲಿಂಗ್ ಯಂತ್ರಕ್ಕೆ ತಿರುಗುವ ನಾಲ್ಕನೇ ಆಕ್ಸಿಸ್, ಅಂದರೆ ಜಾಬನ್ನು (ಕಟ್ ಮಾಡುವ ತುಂಡನ್ನು) ಹಿಡಿದು ತಿರುಗಿಸುವ ಭಾಗ, ಮಾಡಿಕೊಳ್ಳುವುದು ಹೇಗೆ ಅಂತ. ನನಗೆ ತುಂಬಾ ಇಷ್ಟದ ವಿಷಯ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತೆಗೆದಿಟ್ಟು, ಇಡೀ ಅಂಕಣವನ್ನು ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಹತ್ತಿರ ಮೂರು ಆಕ್ಸಿಸ್‌ನ (ಉದ್ದಕ್ಕೆ ಎಕ್ಸ್, ಅಡ್ಡಕ್ಕೆ ವೈ, ಮೇಲೆ ಕೆಳಗೆ ಝಡ್) ಸಣ್ಣ ಯಂತ್ರ ಇದೆ. ಮರ ಮತ್ತು ಅಲ್ಯೂಮಿನಿಯಂ ಕೆಲಸ ಮಾಡುತ್ತೇನೆ. ಒಂದು ನೆಮಾ 23 ಅಳತೆಯ ಸ್ಟೆಪ್ಪರ್ ಮೋಟರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದ್ದು) ಸುಮ್ನೆ ಬಿದ್ದಿದೆ. ಅದರ ಶಾಫ್ಟಿಗೇ ಜಾಬ್ ಹಿಡಿಯುವ ಚಕ್ ಕೂರಿಸಿ, ಡ್ರೈವರ್‌ನಲ್ಲಿ 1/32 ಮೈಕ್ರೋಸ್ಟೆಪ್ (ಒಂದು ಹೆಜ್ಜೆಯನ್ನು 32 ಭಾಗ ಮಾಡುವುದು) ಇಟ್ಟರೆ ಸಾಕಲ್ಲವೇ? ಒಂದು ಸುತ್ತಿಗೆ 6400 ಹೆಜ್ಜೆ, ಅಂದರೆ ಹೆಜ್ಜೆಗೆ ಸುಮಾರು 0.056 ಡಿಗ್ರಿ ಬರುತ್ತದೆ.

ಉತ್ತರ: ಸಾಲುವುದಿಲ್ಲ. ನಿಮ್ಮ ಲೆಕ್ಕ ಸರಿ ಇದೆ, ಆದರೆ ಅದು ಕಟ್ಟರ್ ಜಾಬಿಗೆ ತಾಗುವ ಮುಂಚಿನ ಲೆಕ್ಕ. ತಾಗಿದ ಮೇಲೆ ಏನಾಗುತ್ತದೆ ಅನ್ನುವುದೇ ಮುಖ್ಯ.

ಮೈಕ್ರೋಸ್ಟೆಪ್‌ನಲ್ಲಿ ಮೋಟರ್ ಎರಡು ಪೂರ್ತಿ ಹೆಜ್ಜೆಗಳ ನಡುವೆ ಎಲ್ಲೋ ನಿಂತಿರುತ್ತದೆ. ಅಲ್ಲಿ ಅದನ್ನು ಹಿಡಿದಿರುವುದು ಬರೀ ಕಾಂತದ ಸೆಳೆತ, ಹಲ್ಲಲ್ಲ, ಬೀಗವಲ್ಲ. ಹೊರಗಿನಿಂದ ಯಾರಾದರೂ ತಳ್ಳಿದರೆ ರೋಟರ್ ಸ್ವಲ್ಪ ಜರುಗಿಯೇ ಎದುರು ಬಲ ಕೊಡುತ್ತದೆ. ಎಷ್ಟು ಜರುಗುತ್ತದೆ ಅಂತ ಅಂದಾಜು ಹಾಕಬಹುದು. ನಿಮ್ಮ ಮೋಟರಿನ ಹೋಲ್ಡಿಂಗ್ ಟಾರ್ಕ್ (ನಿಂತಾಗ ತಿರುಗದಂತೆ ಹಿಡಿಯುವ ತಿರುಚು ಬಲ) 1.9 ನ್ಯೂಟನ್ ಮೀಟರ್ ಅಂದುಕೊಳ್ಳಿ. ಜಾಬ್ 40 ಮಿ.ಮೀ. ವ್ಯಾಸದ್ದು, ಅಂದರೆ ಮೈ ಇರುವುದು ನಡುವಿನಿಂದ 20 ಮಿ.ಮೀ. ದೂರದಲ್ಲಿ. ಅಲ್ಯೂಮಿನಿಯಂನಲ್ಲಿ ಹಗುರ ಕಟ್, ಕಟ್ಟರ್ 20 ನ್ಯೂಟನ್ ಬಲದಲ್ಲಿ ತಳ್ಳುತ್ತಿದೆ. ಟಾರ್ಕ್ 0.4 ನ್ಯೂಟನ್ ಮೀಟರ್ ಆಯಿತು. ಹೋಲ್ಡಿಂಗ್ ಟಾರ್ಕಿನ ಐದನೇ ಒಂದು ಭಾಗ, ದೊಡ್ಡದೇನಲ್ಲ ಅನಿಸುತ್ತದೆ, ಅಲ್ವಾ? ಆದರೆ ಅಷ್ಟಕ್ಕೇ ಶಾಫ್ಟ್ ಸುಮಾರು 0.24 ಡಿಗ್ರಿ ಜರುಗುತ್ತದೆ. ಜಾಬಿನ ಮೈಯಲ್ಲಿ ಅದು 0.085 ಮಿ.ಮೀ. ನೀವು ಲೆಕ್ಕ ಹಾಕಿದ ಹೆಜ್ಜೆ ಅದೇ ಮೈಯಲ್ಲಿ 0.02 ಮಿ.ಮೀ. ಅಂದರೆ ಕಟ್ಟರ್ ಒಂದು ಸಲ ತಳ್ಳಿದರೆ ನಾಲ್ಕು ಹೆಜ್ಜೆ ಕೈತಪ್ಪಿ ಹೋಗುತ್ತದೆ. ಕಟ್ಟರಿನ ಒಂದೊಂದು ಹಲ್ಲೂ ಹೀಗೆ ತಳ್ಳುತ್ತಾ ಬಿಡುತ್ತಾ ಹೋದರೆ ಜಾಬ್ ನಡುಗುತ್ತದೆ, ಮೈಯೆಲ್ಲ ಗೆರೆ ಬೀಳುತ್ತದೆ.

ಈಗ ನಡುವೆ 9ಕ್ಕೆ 1ರ ರಿಡಕ್ಷನ್ (ಮೋಟರ್ ಒಂಬತ್ತು ಸುತ್ತಿದರೆ ಚಕ್ ಒಂದು ಸುತ್ತು) ಹಾಕಿ ನೋಡಿ. ಮೋಟರಿಗೆ ಬರುವ ಟಾರ್ಕ್ ಒಂಬತ್ತನೇ ಒಂದು ಭಾಗಕ್ಕೆ ಇಳಿಯಿತು, ಹಾಗಾಗಿ ಮೋಟರ್ ಜರುಗುವುದೂ ಒಂಬತ್ತನೇ ಒಂದು ಭಾಗ. ಆ ಜರುಗಿದ್ದು ಚಕ್‌ವರೆಗೆ ಬರುವಷ್ಟರಲ್ಲಿ ಇನ್ನೊಮ್ಮೆ ಒಂಬತ್ತರಿಂದ ಭಾಗವಾಗುತ್ತದೆ. ಒಟ್ಟು 81 ಪಟ್ಟು ಲಾಭ. ಮೈಯಲ್ಲಿ ಜರುಗುವುದು ಒಂದು ಮೈಕ್ರಾನ್ ಆಸುಪಾಸಿಗೆ ಬರುತ್ತದೆ. ಬೆಲ್ಟ್ ಹಿಗ್ಗುವುದು, ಬ್ರಾಕೆಟ್ ಬಾಗುವುದು ಇವೆಲ್ಲ ಸೇರಿದರೆ ನಿಜವಾದ ಅಂಕಿ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಆದರೂ ರಿಡಕ್ಷನ್ ಎಷ್ಟೋ ಗಟ್ಟಿತನ ಅದರ ವರ್ಗದಷ್ಟು ಏರುತ್ತದೆ ಅನ್ನುವ ಈ ಒಂದು ಮಾತನ್ನು ದಯವಿಟ್ಟು ತಲೆಯಲ್ಲಿಡಿ. ನಾಲ್ಕನೇ ಆಕ್ಸಿಸ್ ಡಿಸೈನ್‌ನಲ್ಲಿ ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದ ಲೆಕ್ಕ ಬೇರೆ ಇಲ್ಲ.

ನೇರವಾಗಿ ಶಾಫ್ಟಿಗೆ ಚಕ್ ಹಾಕಬಾರದು ಅನ್ನಲು ಇನ್ನೂ ಒಂದು ಕಾರಣ ಇದೆ. ಸ್ಟೆಪ್ಪರ್ ಮೋಟರಿನ ಒಳಗಿರುವುದು ಸಣ್ಣ ಬಾಲ್ ಬೇರಿಂಗ್, ಅದರ ಹಿಂದೆ ಸಾಮಾನ್ಯವಾಗಿ ಒಂದು ಅಲೆಯಾಕಾರದ ಸ್ಪ್ರಿಂಗ್ ವಾಷರ್. ಶಾಫ್ಟನ್ನು ಉದ್ದಕ್ಕೆ ಒತ್ತಿದರೆ ಆ ವಾಷರ್ ಕುಗ್ಗಿ ಶಾಫ್ಟ್ ಒಳಕ್ಕೆ ಸರಿಯುತ್ತದೆ. ಟೇಲ್‌ಸ್ಟಾಕ್ (ಜಾಬಿನ ಇನ್ನೊಂದು ತುದಿಗೆ ಕೊಡುವ ಆಸರೆ) ಸೆಂಟರಿನಿಂದ ಒತ್ತಿದ ಕೂಡಲೇ ಇದು ಗೊತ್ತಾಗುತ್ತದೆ. ಮೋಟರಿನ ಕೆಲಸ ತಿರುಗಿಸುವುದು ಮಾತ್ರ. ಜಾಬ್ ಹೊರುವುದಕ್ಕೆ ಬೇರೆ ಸ್ಪಿಂಡಲ್ (ಚಕ್ ಕೂರುವ ಶಾಫ್ಟ್), ಬೇರೆ ಬೇರಿಂಗ್ ಬೇಕು.

ಪ್ರಶ್ನೆ: ಬೆಲ್ಟ್, ವರ್ಮ್ ಗೇರ್, ಹಾರ್ಮೋನಿಕ್ ಡ್ರೈವ್. ಯಾವುದು ಒಳ್ಳೆಯದು?

ಉತ್ತರ: ನಿಮ್ಮ ಜಾಬ್ ಏನು ಅಂತ ಬರೆದಿಲ್ಲ. ಅದು ಗೊತ್ತಿಲ್ಲದೆ ಒಂದೇ ಮಾತಿನಲ್ಲಿ ಹೇಳಲಾಗದು. ಆದರೆ ಯಾವ ಕೆಲಸಕ್ಕೆ ಯಾವುದು ಹೊಂದುತ್ತದೆ ಅಂತ ಹೇಳಬಲ್ಲೆ.

ತಿರುಗಿಸಿ, ನಿಲ್ಲಿಸಿ, ಒಂದು ಮುಖ ಕಟ್ ಮಾಡಿ, ಮತ್ತೆ ತಿರುಗಿಸುವ ಕೆಲಸವಾದರೆ ವರ್ಮ್ ಗೇರ್ (ಸ್ಕ್ರೂನಂಥ ವರ್ಮ್ ಒಂದು ಹಲ್ಲಿನ ಚಕ್ರವನ್ನು ತಿರುಗಿಸುವಂಥದ್ದು) ಚೆನ್ನಾಗಿದೆ. ಷಡ್ಭುಜ ತಲೆ, ಗೇರ್ ಹಲ್ಲು, ಸುತ್ತಲೂ ತೂತು ಇಂಥವು. ಹಳೆಯ ರೋಟರಿ ಟೇಬಲ್‌ಗಳಲ್ಲಿ 90ಕ್ಕೆ 1 ಅಥವಾ 72ಕ್ಕೆ 1 ಇರುತ್ತದೆ, ಡಿವೈಡಿಂಗ್ ಹೆಡ್‌ಗಳಲ್ಲಿ ಹೆಚ್ಚಾಗಿ 40ಕ್ಕೆ 1. ಇಷ್ಟು ರಿಡಕ್ಷನ್ ಇದ್ದರೆ ಚಕ್ ಕಡೆಯಿಂದ ತಳ್ಳಿ ವರ್ಮನ್ನು ತಿರುಗಿಸಲು ಆಗುವುದಿಲ್ಲ, ತಾನಾಗಿ ಲಾಕ್ ಆಗಿರುತ್ತದೆ. ಆದರೆ ವೇಗ ಇಲ್ಲ. ಮೋಟರ್ 600 ಆರ್‌ಪಿಎಂನಲ್ಲಿ ತಿರುಗಿದರೂ 90ರ ಟೇಬಲ್ ನಿಮಿಷಕ್ಕೆ ಏಳು ಸುತ್ತೂ ಹೋಗುವುದಿಲ್ಲ. ಇನ್ನು ಅದರ ದೊಡ್ಡ ತೊಂದರೆ ಪ್ಲೇ. ವರ್ಮ್ ಮತ್ತು ಚಕ್ರದ ಹಲ್ಲಿನ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತದೆ.

ಎಷ್ಟಿದೆ ಅಂತ ನೋಡುವುದು ಸುಲಭ. ಒಂದು ಗಟ್ಟಿ ಪಟ್ಟಿಯನ್ನು ಚಕ್‌ನಲ್ಲಿ ಅಡ್ಡಕ್ಕೆ ಹಿಡಿಸಿ, ನಡುವಿನಿಂದ 100 ಮಿ.ಮೀ. ದೂರದಲ್ಲಿ ಡಯಲ್ ಗೇಜ್ ಮುಳ್ಳು ಇಡಿ. ಮೋಟರ್ ಆನ್ ಇರಲಿ. ಪಟ್ಟಿಯನ್ನು ಬೆರಳಿನಿಂದ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಒತ್ತಿ ಬಿಡಿ. ಮುಳ್ಳು ವಾಪಸ್ ಬರದೆ ಬೇರೆ ಜಾಗದಲ್ಲಿ ನಿಂತರೆ ಆ ಅಂತರವೇ ಪ್ಲೇ. 100 ಮಿ.ಮೀ. ದೂರದಲ್ಲಿ ಒಂದು ಡಿಗ್ರಿ ಅಂದರೆ 1.745 ಮಿ.ಮೀ. ಹಾಗಾಗಿ ಡಯಲ್ 0.1 ತೋರಿಸಿದರೆ ಪ್ಲೇ 0.057 ಡಿಗ್ರಿ. ನಿಮ್ಮ ಜಾಬಿನ ಮೈ ಇರುವುದು 20 ಮಿ.ಮೀ. ದೂರದಲ್ಲಾದರೆ ಅಲ್ಲಿ ಬರುವ ತಪ್ಪು 0.02. ಎಷ್ಟು ಡಿಗ್ರಿ ಅಂತ ಕೇಳುವುದಕ್ಕಿಂತ ಜಾಬಿನ ಮೈಯಲ್ಲಿ ಎಷ್ಟು ಅಂತ ಕೇಳಿಕೊಳ್ಳಿ. ಬೇಕಾದ ಉತ್ತರ ಅಲ್ಲಿರುತ್ತದೆ.

ಈ ಪ್ಲೇಯನ್ನು ಸಾಫ್ಟ್‌ವೇರ್‌ನಲ್ಲಿ ಬ್ಯಾಕ್‌ಲ್ಯಾಶ್ ಕಾಂಪೆನ್ಸೇಷನ್ ಹಾಕಿ ಮುಚ್ಚಬಹುದು ಅಂತ ಕೆಲವರು ಬರೆದಿದ್ದಾರೆ. ದಿಕ್ಕು ಬದಲಿಸುವಾಗ ಅಷ್ಟು ಹೆಚ್ಚು ತಿರುಗಿಸಲು ಮಾತ್ರ ಅದಕ್ಕೆ ಬರುತ್ತದೆ. ಸಡಿಲ ಅಲ್ಲೇ ಇರುತ್ತದೆ. ಕಟ್ಟರ್ ಜಾಬನ್ನು ಎಳೆದರೆ ಆ ಸಡಿಲದೊಳಗೆ ಜಾಬ್ ಜಿಗಿಯುತ್ತದೆ, ಸಣ್ಣ ಎಂಡ್ ಮಿಲ್ ಕಟ್ಟರ್ ಆದರೆ ಪಟ್ ಅಂತ ಮುರಿಯುತ್ತದೆ. ವರ್ಮನ್ನು ಎಕ್ಸೆಂಟ್ರಿಕ್ (ತೂತು ನಡುವಿನಿಂದ ಸರಿದಿರುವ) ಬುಷ್‌ನಲ್ಲಿ ಕೂರಿಸಿ ಚಕ್ರದ ಹತ್ತಿರಕ್ಕೆ ತನ್ನಿ, ಅಥವಾ ಸ್ಪ್ರಿಂಗ್ ಹಾಕಿ ಸದಾ ಒತ್ತಿ ಹಿಡಿಯುವ ಹಾಗೆ ಮಾಡಿ. ನಿಲ್ಲಿಸಿ ಕಟ್ ಮಾಡುವ ಕೆಲಸಕ್ಕೆ ಒಂದು ಬ್ರೇಕ್ ಕೂಡ ಸೇರಿಸಿ. ಸ್ಪಿಂಡಲ್ ಮೇಲೆ ಒಂದು ತಟ್ಟೆ, ಅದನ್ನು ಹಿಡಿಯುವ ಒಂದು ಬೋಲ್ಟ್, ಇಷ್ಟೇ ಸಾಕು.

ಮರದ ಕಂಬದ ಮೇಲೆ ಕೆತ್ತನೆ, ಸುತ್ತಿಕೊಂಡು ಹೋಗುವ ಸ್ಕ್ರೂ, ಗೊಂಬೆಯ ಮುಖ ಹೀಗೆ ಕಟ್ ಮಾಡುತ್ತಲೇ ತಿರುಗುವ ಕೆಲಸಕ್ಕೆ ನನ್ನ ಮತ ಬೆಲ್ಟಿಗೆ. ನನ್ನ ಯಂತ್ರದ ಮೇಲಿರುವುದೂ ಅದೇ. 20 ಹಲ್ಲಿನ ಪುಲ್ಲಿಯಿಂದ 60 ಹಲ್ಲಿನದಕ್ಕೆ ಒಂದು ಹಂತ, ಅದೇ ಅಳತೆಯಲ್ಲಿ ಇನ್ನೊಂದು ಹಂತ, ಒಟ್ಟು 9ಕ್ಕೆ 1. ಎರಡೂ ಕಡೆ 3 ಮಿ.ಮೀ. ಪಿಚ್‌ನ (ಹಲ್ಲಿನಿಂದ ಹಲ್ಲಿಗೆ ಇರುವ ದೂರ), ಎಚ್‌ಟಿಡಿ ಅನ್ನುವ ದುಂಡು ಹಲ್ಲಿನ ಬೆಲ್ಟ್, ಚಕ್ ಕಡೆಯದ್ದು 15 ಮಿ.ಮೀ. ಅಗಲ. ತ್ರೀಡಿ ಪ್ರಿಂಟರಿನ 2 ಮಿ.ಮೀ. ಪಿಚ್‌ನ 6 ಮಿ.ಮೀ. ಅಗಲದ ಬೆಲ್ಟ್ ಕೊನೆಯ ಹಂತಕ್ಕೆ ಬೇಡ, ಅದು ಹಿಗ್ಗುತ್ತದೆ. ಸಣ್ಣ ಪುಲ್ಲಿಯ ಕನಿಷ್ಠ ಆರು ಹಲ್ಲಾದರೂ ಬೆಲ್ಟಿನೊಳಗೆ ಕೂತಿರಬೇಕು. ಎರಡೂ ಹಂತಕ್ಕೆ ಬೇರೆ ಬೇರೆ ಟೆನ್ಷನ್ ಕೊಡುವ ವ್ಯವಸ್ಥೆ ಇರಲಿ. ನಡುವಿನ ಶಾಫ್ಟನ್ನೂ ಮೋಟರನ್ನೂ ಒಂದೇ ಪ್ಲೇಟಿನಲ್ಲಿ ಉದ್ದ ತೂತು ಕೊರೆದು ಕೂರಿಸಿದರೆ, ಒಂದನ್ನು ಬಿಗಿ ಮಾಡುವಾಗ ಇನ್ನೊಂದು ಸಡಿಲವಾಗಿ ತಲೆನೋವು ಶುರುವಾಗುತ್ತದೆ.

9ನ್ನು ಆರಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. 200 ಹೆಜ್ಜೆಯ ಮೋಟರ್, 1/16 ಮೈಕ್ರೋಸ್ಟೆಪ್, 9ರ ರಿಡಕ್ಷನ್ ಹಾಕಿದರೆ ಡಿಗ್ರಿಗೆ ಸರಿಯಾಗಿ 80 ಹೆಜ್ಜೆ ಬರುತ್ತದೆ. 6 ಹಾಕಿದರೆ 53.3333... ಮುಗಿಯದ ದಶಮಾಂಶ. ನೀವು ಸೆಟ್ಟಿಂಗ್‌ನಲ್ಲಿ 53.33 ಅಂತ ಬರೆದು ಬಿಟ್ಟರೆ ಒಂದು ಸುತ್ತಿಗೆ 1.2 ಹೆಜ್ಜೆ ತಪ್ಪುತ್ತದೆ. ಒಂದೆರಡು ಸುತ್ತಿಗೆ ಏನೂ ಅಲ್ಲ. ನೂರು ಸುತ್ತಿನ ಕೆಲಸದಲ್ಲಿ ಅದು 2.25 ಡಿಗ್ರಿ ಆಗಿ ಕೂರುತ್ತದೆ. 6ರ ಪುಲ್ಲಿಗಳೇ ಕೈಯಲ್ಲಿದ್ದರೆ ಪರವಾಗಿಲ್ಲ, ಕಂಟ್ರೋಲರ್ ಒಪ್ಪುವಷ್ಟು ದಶಮಾಂಶ ಪೂರ್ತಿ ತುಂಬಿ.

ಹಾರ್ಮೋನಿಕ್ ಡ್ರೈವ್ ಸಿಕ್ಕರೆ ಖುಷಿಯಾಗಿ ಬಳಸಿ. 1950ರ ದಶಕದಲ್ಲಿ ಅಮೆರಿಕದ ಸಿ. ವಾಲ್ಟನ್ ಮಸ್ಸರ್ ಎಂಬ ಎಂಜಿನಿಯರ್ ಕಂಡುಹಿಡಿದ ಸಾಧನ ಇದು. ತೆಳ್ಳನೆಯ ಉಕ್ಕಿನ ಬಟ್ಟಲೊಂದು ಮೊಟ್ಟೆಯಾಕಾರಕ್ಕೆ ಬಾಗುತ್ತಾ ಹೊರಗಿನ ಗಟ್ಟಿ ಉಂಗುರದ ಹಲ್ಲಿನೊಳಗೆ ಕೂರುತ್ತಾ ಹೋಗುತ್ತದೆ. ಬಟ್ಟಲಿಗೆ 200 ಹಲ್ಲು, ಉಂಗುರಕ್ಕೆ 202 ಇದ್ದರೆ 100ಕ್ಕೆ 1 ರಿಡಕ್ಷನ್. ಒಂದೇ ಸಲ ತುಂಬಾ ಹಲ್ಲು ಹಿಡಿದಿರುವುದರಿಂದ ಪ್ಲೇ ಇಲ್ಲ ಅನ್ನುವಷ್ಟು ಕಡಿಮೆ. ಹಳೆಯ ರೋಬೋಟಿನಿಂದ ಬಿಚ್ಚಿದ್ದು ಸಿಕ್ಕರೆ ಕೈಯಲ್ಲಿ ತಿರುಗಿಸಿ ನೋಡಿ. ಎಲ್ಲಾದರೂ ಕಡಕಡ ಅಂದರೆ ಬಿಟ್ಟುಬಿಡಿ.

ಪ್ರಶ್ನೆ: ಸ್ಪಿಂಡಲ್‌ಗೆ ಎರಡು ಸಾದಾ ಬಾಲ್ ಬೇರಿಂಗ್ ಹಾಕಿದರೆ ಆಗುತ್ತದಾ? ಆಕ್ಸಿಸ್ ಟೇಬಲ್‌ನಿಂದ ಎಷ್ಟು ಎತ್ತರದಲ್ಲಿ ಇರಬೇಕು?

ಉತ್ತರ: ಸಾದಾ ಬಾಲ್ ಬೇರಿಂಗಿನ ಒಳಗೇ ಸ್ವಲ್ಪ ಸಡಿಲ ಇಟ್ಟು ಮಾಡಿರುತ್ತಾರೆ. ಬೇಗ ತಿರುಗುವ ಮೋಟರಿಗೆ ಅದು ಬೇಕು, ನಿಧಾನ ತಿರುಗುವ ನಮ್ಮ ಸ್ಪಿಂಡಲ್‌ಗೆ ಬೇಡ. ಟೇಪರ್ ರೋಲರ್ ಬೇರಿಂಗ್ ಒಂದು ಜೊತೆ ಹಾಕಿ, ಒಂದಕ್ಕೊಂದು ಎದುರಾಗಿ. 32005 ನನಗೆ ಇಷ್ಟವಾದ ಅಳತೆ. ಒಳಗೆ 25, ಹೊರಗೆ 47, ದಪ್ಪ 15 ಮಿ.ಮೀ. ಹಿಂದಿನಿಂದ ಸಣ್ಣ ಪಿಚ್‌ನ ನಟ್ ಹಾಕಿ ಬಿಗಿ ಮಾಡುತ್ತಾ ಬನ್ನಿ. ಚಕ್ ಹಿಡಿದು ಅಲುಗಾಡಿಸಿದರೆ ಡಯಲ್ ಮುಳ್ಳು ಕದಲಬಾರದು, ಕೈಯಲ್ಲಿ ತಿರುಗಿಸಿದಾಗ ಗ್ರೀಸಿನಲ್ಲಿ ತಿರುಗಿದ ಹಾಗೆ ಸ್ವಲ್ಪ ಭಾರ ಅನಿಸಬೇಕು. ಅಲ್ಲಿಗೆ ನಿಲ್ಲಿಸಿ, ನಟ್ ಲಾಕ್ ಮಾಡಿ. ಮುಂದಿನ ಬೇರಿಂಗ್ ಚಕ್‌ಗೆ ಆದಷ್ಟು ಹತ್ತಿರ ಇರಲಿ. ಸ್ಪಿಂಡಲ್ ನಡುವೆ ತೂತು ಕೊರೆಯುವುದನ್ನು ಮರೆಯಬೇಡಿ, ಉದ್ದ ಸರಳು ಹಿಂದಿನಿಂದ ತೂರಿಸಲು ಬೇಕಾಗುತ್ತದೆ.

ಚಕ್ ಕೂರುವ ಪ್ಲೇಟಿನ ಮೆಟ್ಟಿಲನ್ನು ಚಕ್‌ನ ಹಿಂಬದಿಯ ಗುಂಡಿಗಿಂತ 0.2 ಮಿ.ಮೀ. ಚಿಕ್ಕದಾಗಿ ಲೇತ್ ಮಾಡಿಸಿ. ಬೋಲ್ಟನ್ನು ಅರ್ಧ ಬಿಗಿ ಮಾಡಿ, ಒಂದು ನೆಟ್ಟಗಿನ ಸರಳು ಹಿಡಿಸಿ, ಡಯಲ್ ನೋಡುತ್ತಾ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನಡುವಿಗೆ ತನ್ನಿ. ಆಮೇಲೆ ಪೂರ್ತಿ ಬಿಗಿ. ಮೂರು ಜಾ ಚಕ್ ಬೇರೆ ಬೇರೆ ವ್ಯಾಸಕ್ಕೆ ಬೇರೆ ಬೇರೆ ಓಟ (ನಡುವು ತಪ್ಪಿ ತಿರುಗುವುದು) ತೋರಿಸುತ್ತದೆ, ಹಾಗಾಗಿ ನೀವು ಹೆಚ್ಚು ಬಳಸುವ ವ್ಯಾಸದಲ್ಲೇ ಈ ಸೆಟ್ಟಿಂಗ್ ಮಾಡಿ.

ಎತ್ತರದ ಲೆಕ್ಕ ಕಾಗದದ ಮೇಲೆ ಗೆರೆ ಎಳೆದು ಮಾಡಬೇಕಾದ್ದು. 80 ಮಿ.ಮೀ. ಚಕ್ ಅಂದರೆ ಅರ್ಧ 40, ಜಾ ತೆರೆದಾಗ ಹೊರಗೆ ಚಾಚುತ್ತವೆ, ಹಾಗಾಗಿ ನಡುಗೆರೆ ಟೇಬಲ್‌ನಿಂದ 60 ಎತ್ತರ ಇರಲಿ ಅನ್ನೋಣ. ಜಾಬ್ 60 ವ್ಯಾಸದ್ದಾದರೆ ಅದರ ತಲೆ 90ಕ್ಕೆ ಬಂತು. ಕಟ್ಟರ್ 40 ಹೊರಗೆ ಚಾಚಿದೆ, ಜಾಬಿನ ಮೇಲೆ ಹಾದುಹೋಗಲು ಇನ್ನೊಂದು 10. ಕಾಲೆಟ್ ನಟ್ (ಕಟ್ಟರ್ ಹಿಡಿಯುವ ನಟ್) 140 ಮೇಲಕ್ಕೆ ಹೋಗಬೇಕು. ನಿಮ್ಮ ಯಂತ್ರದ ಝಡ್ ಅಷ್ಟು ಏರುತ್ತದಾ? ಎಷ್ಟೋ ಸಣ್ಣ ಸಿಎನ್‌ಸಿ ರೌಟರ್ ಯಂತ್ರಗಳಲ್ಲಿ ಏರುವುದಿಲ್ಲ. ಇದನ್ನು ಕಬ್ಬಿಣ ಕೊಯ್ಯುವ ಮೊದಲೇ ನೋಡಿಕೊಳ್ಳಿ. ಇನ್ನೊಂದು ಸೂಕ್ಷ್ಮ: ಚಕ್ ಪಕ್ಕದಲ್ಲೇ ನಡುಗೆರೆಯವರೆಗೆ ಕಟ್ ಮಾಡಬೇಕಾದರೆ ಕಟ್ಟರ್ ಚಕ್‌ನ ಅರ್ಧ ವ್ಯಾಸಕ್ಕಿಂತ ಉದ್ದ ಚಾಚಬೇಕು, ಇಲ್ಲದಿದ್ದರೆ ನಟ್ ಹೋಗಿ ಚಕ್‌ಗೆ ಬಡಿಯುತ್ತದೆ. 20 ಮಿ.ಮೀ. ಒಳಗಿನ ಸರಳುಗಳೇ ನಿಮ್ಮ ಕೆಲಸವಾದರೆ ಚಕ್ ಬಿಟ್ಟು ಇಆರ್32 ಕಾಲೆಟ್ ಹಾಕಿ. ಅದರ ನಟ್ 50 ಮಿ.ಮೀ. ವ್ಯಾಸ ಮಾತ್ರ. ನಡುಗೆರೆ ಕೆಳಗಿಳಿಯುತ್ತದೆ, ಕಟ್ಟರ್ ಗಿಡ್ಡವಾಗುತ್ತದೆ, ಓಟವೂ ಕಡಿಮೆ.

ಪ್ರಶ್ನೆ: ಟೇಲ್‌ಸ್ಟಾಕ್ ಬೇಕೇ ಬೇಕಾ?

ಉತ್ತರ: ಜಾಬ್ ಚಕ್‌ನಿಂದ ತನ್ನ ವ್ಯಾಸದ ಮೂರು ಪಟ್ಟಿಗಿಂತ ಜಾಸ್ತಿ ಹೊರಗೆ ಚಾಚಿದರೆ ಬೇಕು. ಸೆಂಟರಿನ ಎತ್ತರವನ್ನೂ ಅಡ್ಡವನ್ನೂ ತುಸು ಸರಿಸಿ ಹೊಂದಿಸಲು ಬರುವ ಹಾಗೆ ಮಾಡಿ.

ಪ್ರಶ್ನೆ: ಆಕ್ಸಿಸ್ ಸಿದ್ಧವಾಗಿದೆ. ಆದರೆ ಎರಡು ಎದುರು ಬದುರು ಮುಖ ಕಟ್ ಮಾಡಿದರೆ ದಪ್ಪ ಸರಿ ಬರುವುದಿಲ್ಲ. ಝಡ್ ಸೊನ್ನೆಯನ್ನು ತಿರುಗುವ ನಡುವಿಗೆ ಸರಿಯಾಗಿ ಇಡುವುದು ಹೇಗೆ?

ಉತ್ತರ: ಒಳ್ಳೆಯ ಪ್ರಶ್ನೆ. ನಿಮ್ಮ ತೊಂದರೆಯೊಳಗೇ ಉತ್ತರವೂ ಇದೆ.

ಮೊದಲು ಆಕ್ಸಿಸ್ ಎಕ್ಸ್‌ಗೆ ಸಮಾನಾಂತರವಾಗಿದೆಯೇ ನೋಡಿ. ಗ್ರೈಂಡ್ ಮಾಡಿದ ಸರಳು ಹಿಡಿಸಿ, ಡಯಲನ್ನು ಯಂತ್ರದ ಸ್ಪಿಂಡಲ್‌ಗೆ (ಕಟ್ಟರ್ ತಿರುಗಿಸುವ ಭಾಗಕ್ಕೆ) ಕಟ್ಟಿ, ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಎಕ್ಸ್ ಉದ್ದಕ್ಕೂ ಓಡಿಸಿ. ಚಕ್‌ನ ಓಟ ಇದರಲ್ಲಿ ಬೆರೆಯಬಾರದು ಅಂದರೆ ಪ್ರತಿ ತುದಿಯಲ್ಲೂ ಸೊನ್ನೆ ಡಿಗ್ರಿಯಲ್ಲಿ ಒಂದು, 180ರಲ್ಲಿ ಒಂದು ರೀಡಿಂಗ್ ತೆಗೆದು ಸರಾಸರಿ ನೋಡಿ. ಅಡ್ಡ ತಪ್ಪಿದ್ದರೆ ಬೋಲ್ಟ್ ಸಡಿಲಿಸಿ ಸರಿಸಿ, ಎತ್ತರ ತಪ್ಪಿದ್ದರೆ ಕೆಳಗೆ ಶಿಮ್ (ತೆಳು ತಗಡು) ಹಾಕಿ. ಬುಡದಲ್ಲಿ ಟಿ-ಸ್ಲಾಟಿಗೆ ಕೂರುವ ಕೀಲಿ ಇದ್ದರೆ ಪ್ರತಿ ಸಲ ಇಷ್ಟೆಲ್ಲ ಮಾಡಬೇಕಿಲ್ಲ.

ಆಮೇಲೆ ಒಂದು ಬೇಡದ ತುಂಡು ಹಿಡಿಸಿ. ನಡುವು ಎಲ್ಲಿದೆ ಅಂತ ನಿಮ್ಮ ಅಂದಾಜೋ ಅಲ್ಲಿಗೆ ಝಡ್ ಸೊನ್ನೆ ಇಡಿ. ಝಡ್ 10ರಲ್ಲಿ ಒಂದು ಚಪ್ಪಟೆ ಮುಖ ಕಟ್ ಮಾಡಿ. 180 ಡಿಗ್ರಿ ತಿರುಗಿಸಿ, ಅದೇ ಝಡ್ 10ರಲ್ಲಿ ಇನ್ನೊಂದು ಮುಖ. ಮೈಕ್ರೋಮೀಟರಿನಲ್ಲಿ ದಪ್ಪ ಅಳೆಯಿರಿ. 20.00 ಬರಬೇಕು. 20.06 ಬಂದರೆ ನಿಜವಾದ ನಡುವು ನಿಮ್ಮ ಸೊನ್ನೆಗಿಂತ 0.03 ಕೆಳಗಿದೆ, ಸೊನ್ನೆಯನ್ನು ಅಷ್ಟು ಕೆಳಗಿಳಿಸಿ. 19.94 ಬಂದರೆ ಅಷ್ಟೇ ಮೇಲೇರಿಸಿ.

ತುಂಡನ್ನು ಬಿಚ್ಚಬೇಡಿ, ಅದರಿಂದ ಇನ್ನೂ ಒಂದು ಕೆಲಸ ಇದೆ. ಝಡ್ ತಪ್ಪಿದ್ದರೂ ಆ ಎರಡೂ ಮುಖಗಳು ನಡುವಿನಿಂದ ಒಂದೇ ದೂರದಲ್ಲಿವೆ, ಯಾಕೆಂದರೆ ಎರಡನ್ನೂ ಒಂದೇ ಎತ್ತರದಲ್ಲಿ ಕಟ್ ಮಾಡಿದ್ದೀರಿ. ಈಗ 90 ಡಿಗ್ರಿ ತಿರುಗಿಸಿದರೆ ಅವು ಎರಡು ಪಕ್ಕದ ಗೋಡೆಗಳಾಗಿ ನಿಲ್ಲುತ್ತವೆ. ಎಡ್ಜ್ ಫೈಂಡರ್‌ನಿಂದ ಎರಡನ್ನೂ ಮುಟ್ಟಿ ನೋಡಿ. ಎರಡರ ಮಧ್ಯವೇ ವೈ ಸೊನ್ನೆ. ಚಕ್‌ನ ಓಟ, ತುಂಡಿನ ಆಕಾರ ಯಾವುದೂ ಇದಕ್ಕೆ ಅಡ್ಡ ಬರುವುದಿಲ್ಲ. ಈ ವಿಧಾನ ನನಗೆ ಬಹಳ ಇಷ್ಟ, ಪ್ರತಿ ಸಲ ಆಕ್ಸಿಸ್ ಕೂರಿಸಿದಾಗ ಇದನ್ನೇ ಮಾಡುತ್ತೇನೆ.

ಪ್ರಶ್ನೆ: ಸುತ್ತಿಕೊಂಡು ಹೋಗುವ ಕೆತ್ತನೆಯಲ್ಲಿ ಒಂದು ಕಡೆ ಕಟ್ಟರ್ ತೆವಳುತ್ತದೆ, ಇನ್ನೊಂದು ಕಡೆ ಹುಚ್ಚೆದ್ದ ಹಾಗೆ ಓಡುತ್ತದೆ. ಫೀಡ್ (ಕಟ್ಟರ್ ಸಾಗುವ ವೇಗ) ಎಷ್ಟು ಇಡಲಿ?

ಉತ್ತರ: ಎಷ್ಟು ಇಟ್ಟರೂ ಹಾಗೇ ಆಗುತ್ತದೆ, ಯಾಕೆಂದರೆ ತೊಂದರೆ ಇರುವುದು ಅಂಕಿಯಲ್ಲಲ್ಲ. ಎ ಆಕ್ಸಿಸ್, ಅಂದರೆ ನಮ್ಮ ನಾಲ್ಕನೇ ಆಕ್ಸಿಸ್, ಅಳೆಯುವುದು ಡಿಗ್ರಿಯಲ್ಲಿ. ಜಾಬಿನ ಮೈಯಲ್ಲಿ ನಿಮಿಷಕ್ಕೆ 300 ಮಿ.ಮೀ. ಬೇಕು ಅಂದರೆ 40 ವ್ಯಾಸದಲ್ಲಿ ಅದು ಸುಮಾರು 860 ಡಿಗ್ರಿ, 10 ವ್ಯಾಸದಲ್ಲಿ ಸುಮಾರು 3440 ಡಿಗ್ರಿ. ಕಂಟ್ರೋಲರಿಗೆ ನಿಮ್ಮ ಜಾಬಿನ ವ್ಯಾಸ ಗೊತ್ತಿಲ್ಲ. ಲಿನಕ್ಸ್‌ಸಿಎನ್‌ಸಿ ಎಂಬ ಕಂಟ್ರೋಲರ್ ಸಾಫ್ಟ್‌ವೇರ್‌ನಲ್ಲಿ ಎ ಒಂದೇ ತಿರುಗಿದರೆ ಫೀಡನ್ನು ಡಿಗ್ರಿ ಅಂತ ತೆಗೆದುಕೊಳ್ಳುತ್ತದೆ. ಜೊತೆಗೆ ಎಕ್ಸ್ ಕೂಡ ಚಲಿಸಿದರೆ ಎಕ್ಸ್‌ನ ದೂರ ಮಾತ್ರ ನೋಡುತ್ತದೆ. ಎಕ್ಸ್ 1 ಮಿ.ಮೀ. ಹೋಗುವಷ್ಟರಲ್ಲಿ ಎ ಒಂದು ಪೂರ್ತಿ ಸುತ್ತು ಹಾಕಬೇಕು ಅಂತಿದ್ದರೆ, 300ರ ಫೀಡ್‌ನಲ್ಲಿ ಅದಕ್ಕೆ ಸಿಗುವುದು 0.2 ಸೆಕೆಂಡ್! ತನ್ನ ಗರಿಷ್ಠ ವೇಗಕ್ಕೆ ಏರಿ ಓಡುತ್ತದೆ.

ಇದಕ್ಕೆ ಪ್ರೋಗ್ರಾಂನಲ್ಲಿ ಜಿ93 ಎಂಬ ಆದೇಶ ಇದೆ, ಇನ್ವರ್ಸ್ ಟೈಮ್ ಫೀಡ್. ಅದರಲ್ಲಿ ಪ್ರತಿ ಸಾಲಿನಲ್ಲೂ ಆ ಚಲನೆ ಎಷ್ಟು ಹೊತ್ತಿನಲ್ಲಿ ಮುಗಿಯಬೇಕು ಅಂತ ಬರೆದಿರುತ್ತದೆ. 0.1 ನಿಮಿಷದಲ್ಲಿ ಮುಗಿಯಬೇಕಾದರೆ ಎಫ್10, ಅಂದರೆ 1ನ್ನು 0.1ರಿಂದ ಭಾಗಿಸಿದ್ದು. ಕೈಯಲ್ಲಿ ಬರೆಯುವಂಥದ್ದಲ್ಲ, ಟೂಲ್‌ಪಾತ್ (ಕಟ್ಟರ್ ಹೋಗುವ ದಾರಿ) ಮಾಡುವ ಕ್ಯಾಮ್ ಸಾಫ್ಟ್‌ವೇರಿನ ಪೋಸ್ಟ್ ಪ್ರೊಸೆಸರ್‌ನಲ್ಲಿ ಆನ್ ಮಾಡಿ. ವ್ಯಾಸದ ಲೆಕ್ಕ ಅದೇ ಹಾಕಿಕೊಳ್ಳುತ್ತದೆ.

ಬಾಲ್ ನೋಸ್ (ತುದಿ ದುಂಡಗಿರುವ) ಕಟ್ಟರ್ ಬಳಸುತ್ತಿದ್ದರೆ ಇನ್ನೊಂದು ಮಾತು. ಅದರ ತುದಿಯ ನಟ್ಟನಡುವೆ ವೇಗ ಸೊನ್ನೆ, ಅಲ್ಲಿ ಕೊಯ್ಯುವುದಿಲ್ಲ, ಉಜ್ಜುತ್ತದೆ. ದುಂಡು ಜಾಬಿನ ತಲೆಯ ಮೇಲೆ ನೇರವಾಗಿ ಕಟ್ ಮಾಡುವ ಬದಲು ವೈಯಲ್ಲಿ ಸ್ವಲ್ಪ ಸರಿಸಿ, ಕಟ್ಟರಿನ ಪಕ್ಕ ತಾಗುವ ಹಾಗೆ ಟೂಲ್‌ಪಾತ್ ಮಾಡಿಸಿದರೆ ಮೈ ನುಣುಪಾಗಿ ಬರುತ್ತದೆ.

ಪ್ರಶ್ನೆ: ನಿಲ್ಲಿಸಿ ಕಟ್ ಮಾಡುವಾಗ ಜಾಬ್ ಕೆಲವೊಮ್ಮೆ ಸ್ವಲ್ಪ ತಿರುಗಿಬಿಡುತ್ತದೆ. ತಿರುಗಿಸುತ್ತಾ ಕಟ್ ಮಾಡಿದರೆ ಏನೂ ತೊಂದರೆ ಇಲ್ಲ. ಬೆಲ್ಟ್ ಸಡಿಲ ಇಲ್ಲ.

ಉತ್ತರ: ಡ್ರೈವರ್ ನೋಡಿ. ಮೋಟರ್ ನಿಂತ ಸ್ವಲ್ಪ ಹೊತ್ತಿಗೆ ಕರೆಂಟನ್ನು ಅರ್ಧಕ್ಕೆ ಇಳಿಸುವ ವ್ಯವಸ್ಥೆ ಬಹಳಷ್ಟು ಡ್ರೈವರ್‌ಗಳಲ್ಲಿ ಇದೆ, ಮೋಟರ್ ಬಿಸಿಯಾಗದಿರಲಿ ಅಂತ. ನಿಮಗೆ ಹಿಡಿತ ಬೇಕಾದ ಹೊತ್ತಿಗೇ ಹಿಡಿತ ಅರ್ಧವಾಗುತ್ತದೆ. ಎ ಆಕ್ಸಿಸ್ ಡ್ರೈವರ್‌ನಲ್ಲಿ ಇದಕ್ಕಿರುವ ಸಣ್ಣ ಸ್ವಿಚ್ಚನ್ನು ಪೂರ್ತಿ ಕರೆಂಟಿಗೆ ತಿರುಗಿಸಿ. ಮೋಟರ್ ಬಿಸಿ ಎಷ್ಟಾಗುತ್ತದೆ ಅಂತ ಒಂದು ಗಂಟೆ ಗಮನಿಸಿ. ಬ್ರೇಕ್ ಇದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಎ ಆಕ್ಸಿಸ್ ಬೇಡದ ದಿನ ಅದನ್ನು ತೆಗೆದಿಡುತ್ತೇನೆ. ಕನೆಕ್ಟರ್ ಹಾಕುವಾಗ ಏನಾದರೂ ಎಚ್ಚರ ಬೇಕಾ? ಹೋಮ್ ಸ್ವಿಚ್ (ಸೊನ್ನೆಯ ಜಾಗ ಗುರುತಿಸುವ ಸ್ವಿಚ್) ಬೇಕಾ?

ಉತ್ತರ: ಎಚ್ಚರ ಬೇಕು. ಡ್ರೈವರಿಗೆ ಪವರ್ ಇರುವಾಗ ಮೋಟರ್ ವೈರ್ ಎಳೆಯಲೂಬೇಡಿ, ಸಿಕ್ಕಿಸಲೂಬೇಡಿ, ಡ್ರೈವರ್ ಸುಟ್ಟುಹೋಗುತ್ತದೆ. ಪವರ್ ತೆಗೆದು, ದೀಪ ಪೂರ್ತಿ ಆರಿದ ಮೇಲೆ ಮುಟ್ಟಿ. ತಾನಾಗಿ ಸಡಿಲವಾಗದ ಹಾಗೆ ತಿರುಪು ಇರುವ ಕನೆಕ್ಟರ್ ಹಾಕಿ.

ಹೋಮ್ ಸ್ವಿಚ್ ಎಲ್ಲರಿಗೂ ಬೇಕಿಲ್ಲ. ದುಂಡು ಸರಳಿನಿಂದ ಶುರು ಮಾಡುವ ಕೆಲಸಕ್ಕೆ ಸೊನ್ನೆ ಎಲ್ಲಿದ್ದರೂ ಒಂದೇ. ಅರ್ಧ ಮುಗಿದ ಜಾಬನ್ನು ಮತ್ತೆ ಹಿಡಿಸುವುದಾದರೆ ಅದರ ಚಪ್ಪಟೆ ಮುಖದ ಮೇಲೆ ಡಯಲ್ ಓಡಿಸಿ ಸೊನ್ನೆ ಹುಡುಕುವುದೇ ಸರಿ. ನಡುವೆ ಪವರ್ ಹೋದರೆ ಅದೇ ಜಾಬ್ ಮುಂದುವರಿಸಬೇಕು ಅನ್ನುವವರಿಗೆ ಮಾತ್ರ ಒಂದು ಸೆನ್ಸರ್ ಉಪಯೋಗ. ಇನ್ನು, ಹತ್ತು ಸುತ್ತು ಹೋದ ಮೇಲೆ ಎ ಆಕ್ಸಿಸ್ 3600ರಲ್ಲಿ ನಿಂತಿರುತ್ತದೆ. ಪ್ರೋಗ್ರಾಂ ಕೊನೆಯಲ್ಲಿ ಎ ಸೊನ್ನೆಗೆ ಬಾ ಅಂತಿದ್ದರೆ ಹತ್ತೂ ಸುತ್ತು ಹಿಂದಕ್ಕೆ ತಿರುಗುತ್ತದೆ. ಲಿನಕ್ಸ್‌ಸಿಎನ್‌ಸಿಯಲ್ಲಿ ರ‍್ಯಾಪ್ಡ್ ರೋಟರಿ ಅನ್ನುವ ಸೆಟ್ಟಿಂಗ್ ಆನ್ ಮಾಡಿದರೆ ಅದು 360ರೊಳಗೇ ಎಣಿಸಿಕೊಳ್ಳುತ್ತದೆ. ಆದರೆ ಆಗ ಕೋನದ ಮುಂದಿನ ಮೈನಸ್ ಗುರುತು ಯಾವ ಕಡೆ ತಿರುಗಬೇಕು ಅನ್ನುವುದನ್ನು ಹೇಳುತ್ತದೆ, ಹಾಗಾಗಿ ಹಳೆಯ ಪ್ರೋಗ್ರಾಂಗಳನ್ನು ಮೊದಲು ಕಟ್ಟರ್ ಇಲ್ಲದೆ ಒಮ್ಮೆ ಓಡಿಸಿ ನೋಡಿ.